ಗಡಿ 3.5 ಅಂತ ಯಾರು ಹಾಕಿದ್ದು? ಸೀಸ, ಮಕ್ಕಳು ಮತ್ತು ಸಲಹಾ ಸಮಿತಿಗಳು

ಪ್ರಶ್ನೆ: ನನ್ನ ತಂಗಿ ಅಮೆರಿಕದಲ್ಲಿ ಒಂದು ಹಳೇ ಬಾಡಿಗೆ ಮನೆಯಲ್ಲಿದ್ದಾಳೆ. ಅವಳ ಎರಡು ವರ್ಷದ ಮಗನಿಗೆ ಬೆರಳು ಚುಚ್ಚಿ ರಕ್ತಪರೀಕ್ಷೆ ಮಾಡಿದಾಗ ಸೀಸ 4 ಅಂತ ಬಂತು. ‘ಕೆಲವು ವರ್ಷದ ಹಿಂದಾಗಿದ್ದರೆ ಇದನ್ನು ಗಮನಿಸುತ್ತಲೂ ಇರಲಿಲ್ಲ, ಈಗ ಗಡಿ 3.5’ ಎಂದರಂತೆ ಡಾಕ್ಟರು. ಗಡಿ ಹೀಗೆ ಇಳಿಯುತ್ತಾ ಹೋದರೆ ಯಾವುದನ್ನು ನಂಬುವುದು? ಅದನ್ನು ಹೇಳುವುದು ಸರ್ಕಾರದ ಒಂದು ಸಲಹಾ ಸಮಿತಿ ಅಂತೆ. ಬರೀ ಸಲಹೆ ಕೊಡುವ ಸಮಿತಿಯ ಮಾತಿಗೆ ಯಾರಾದರೂ ಬೆಲೆ ಕೊಡುತ್ತಾರಾ?

ಉತ್ತರ: ಮೊದಲು ಮಗುವಿನ ವಿಷಯ ಹೇಳಿಬಿಡುತ್ತೇನೆ. ಸಮಿತಿಯ ಕಥೆ ಆಮೇಲೆ.

4 ಅಂದರೆ ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 4 ಮೈಕ್ರೋಗ್ರಾಂ ಸೀಸ. ಬೆರಳು ಚುಚ್ಚಿ ತೆಗೆದ ರಕ್ತದ ಫಲಿತಾಂಶವನ್ನು ಪೂರ್ತಿ ನಂಬುವ ಹಾಗಿಲ್ಲ. ಬೆರಳ ತುದಿಯಲ್ಲಿ ಒಂದು ಚೂರು ಧೂಳು ಇದ್ದರೂ ಅಂಕಿ ಮೇಲೇರುತ್ತದೆ. ಅದಕ್ಕೆ ಮೂರು ತಿಂಗಳೊಳಗೆ ಕೈಯ ರಕ್ತನಾಳದಿಂದ ರಕ್ತ ತೆಗೆಸಿ ಇನ್ನೊಂದು ಸಲ ನೋಡಬೇಕು. ಅಲ್ಲಿಯವರೆಗೆ ಸುಮ್ನೆ ಕೂರಬಾರದು. ಸೀಸ ಎಲ್ಲಿಂದ ಬರುತ್ತಿದೆ ಅಂತ ಈಗಲೇ ಹುಡುಕಲು ಶುರು ಮಾಡಬೇಕು. ಈ ಅಂಕಿಗೆ ಔಷಧಿ ಕೊಡುವುದಿಲ್ಲ, ಕೊಡಲೂಬಾರದು. ಮೂಲ ಸಿಕ್ಕಿ ಅದನ್ನು ತೆಗೆದರೆ ಅಂಕಿ ತಾನಾಗಿ ಇಳಿಯುತ್ತದೆ.

ತಂಗಿಗೆ ಹೇಳಿ, ಮೊದಲು ಕಿಟಕಿ ನೋಡಲಿ. ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಬಣ್ಣವನ್ನು ನಿಲ್ಲಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಗಳಲ್ಲಿ ಮೇಲೆಮೇಲೆ ಹೊಸ ಬಣ್ಣ ಬಳಿದಿರುತ್ತಾರೆ, ಕೆಳಗಿನ ಪದರದಲ್ಲಿ ಸೀಸ ಹಾಗೇ ಕೂತಿರುತ್ತದೆ. ಗೋಡೆ ಚೆನ್ನಾಗಿದ್ದರೆ ಅದರಿಂದ ಅಷ್ಟು ತೊಂದರೆಯಿಲ್ಲ. ಕಿಟಕಿ ಹಾಗಲ್ಲ. ಅಲ್ಲಿನ ಹಳೇ ಕಿಟಕಿಗಳನ್ನು ಮೇಲಕ್ಕೆ ತಳ್ಳಿ ತೆಗೆಯಬೇಕು, ಕೆಳಕ್ಕೆ ಎಳೆದು ಮುಚ್ಚಬೇಕು. ಪ್ರತಿ ಸಲವೂ ಮರಕ್ಕೆ ಮರ ಉಜ್ಜಿ ಬಣ್ಣ ಪುಡಿಯಾಗುತ್ತದೆ. ಆ ಪುಡಿ ಕೆಳಗಿನ ಕಟ್ಟೆಯ ಮೇಲೆ ತೆಳ್ಳಗೆ ಕೂರುತ್ತದೆ, ಕಣ್ಣಿಗೆ ಸಾದಾ ಧೂಳಿನ ಹಾಗೇ ಕಾಣುತ್ತದೆ. ಎರಡು ವರ್ಷದ ಮಗು ಹೊರಗೆ ನೋಡಲು ನಿಲ್ಲುವುದು ಅಲ್ಲೇ ಅಲ್ವಾ? ಎರಡೂ ಅಂಗೈ ಕಟ್ಟೆಯ ಮೇಲೆ ಊರಿ ನಿಲ್ಲುತ್ತದೆ. ಆಮೇಲೆ ಅದೇ ಕೈ ಬಾಯಿಗೆ. ಬಣ್ಣದ ಚಕ್ಕೆ ಕಿತ್ತು ತಿನ್ನುವ ಮಕ್ಕಳಿಗಿಂತ ಹೀಗೆ ಧೂಳು ನೆಕ್ಕುವ ಮಕ್ಕಳೇ ಜಾಸ್ತಿ.

ಹೊಟ್ಟೆಗೆ ಹೋದ ಸೀಸವನ್ನು ಮಗುವಿನ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಸೀಸವನ್ನು ಮೈ ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ, ಮೂಳೆಯಲ್ಲಿ ಕೂಡಿಡುತ್ತದೆ, ಬೆಳೆಯುತ್ತಿರುವ ಮೆದುಳಿಗೂ ಕಳಿಸುತ್ತದೆ. ಹಾಗೆ ಒಮ್ಮೆ ಆದ ಹಾನಿಯನ್ನು ವಾಪಸ್ ತೆಗೆಯಲು ಬರುವುದಿಲ್ಲ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ರಕ್ತದಲ್ಲಿ 20ರಿಂದ 44ರವರೆಗೆ ಸೀಸವಿದ್ದ 780 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಸೀಸ ಹೊರಹಾಕುವ ಔಷಧಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 2001ರಲ್ಲಿ ಫಲಿತಾಂಶ ಬಂತು. ಔಷಧಿ ತೆಗೆದುಕೊಂಡವರ ರಕ್ತದಲ್ಲಿ ಸೀಸ ಇಳಿದಿತ್ತು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಮಾತ್ರ ಎರಡೂ ಗುಂಪು ಒಂದೇ. ಅದಕ್ಕೇ ಈಗ ತೀರಾ ಜಾಸ್ತಿ, ಅಂದರೆ 45ರ ಮೇಲೆ ಇದ್ದಾಗಷ್ಟೇ ಆ ಔಷಧಿ ಕೊಡುತ್ತಾರೆ.

ಇಷ್ಟು ಹೇಳಿದ್ದು ಸುಮ್ನೆ ಅಲ್ಲ. ಔಷಧಿಯಿಂದ ಸರಿಹೋಗುವ ಕಾಯಿಲೆ ಆಗಿದ್ದರೆ ಗಡಿ ಎಲ್ಲಿದ್ದರೂ ಅಷ್ಟು ವ್ಯತ್ಯಾಸ ಆಗುತ್ತಿರಲಿಲ್ಲ. ಇಲ್ಲಿ ಇರುವ ದಾರಿ ಒಂದೇ, ಸೀಸ ಮೈಸೇರುವ ಮೊದಲೇ ತಡೆಯುವುದು. ಯಾವ ಮಗುವಿನ ಮನೆಗೆ ಹೋಗಿ ಮೂಲ ಹುಡುಕಬೇಕು, ಯಾವ ಮಗುವಿಗೆ ‘ಏನೂ ಇಲ್ಲ’ ಎಂದು ಪತ್ರ ಕಳಿಸಬೇಕು ಎನ್ನುವುದು ಆ ಗಡಿಯ ಮೇಲೆ ನಿಂತಿದೆ.

ಗಡಿ 10 ಇದ್ದ ಕಾಲದಲ್ಲಿ ನಾನು ನೋಡಿದ ಒಂದು ಮಗು ಇನ್ನೂ ನೆನಪಿದೆ. ಒಂದೂವರೆ ವರ್ಷದ ಹುಡುಗಿ, ಅಂಕಿ 8. ಮನೆ ತಪಾಸಣೆಗೆ ಕಳಿಸಿ ಎಂದು ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ. ‘10 ಆಗಿಲ್ಲವಲ್ಲ’ ಎಂದರು. ಆರು ತಿಂಗಳ ನಂತರ ಅದೇ ಮಗು 14ಕ್ಕೆ ಬಂತು. ಆಗ ಬಂದರು. ಆ ಆರು ತಿಂಗಳು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಕಚೇರಿಯವರೇನೂ ಕೆಟ್ಟವರಲ್ಲ. ಅವರ ಕೈಯಲ್ಲಿದ್ದ ಕಾಗದದಲ್ಲಿ 10 ಎಂದಿತ್ತು, ಅಷ್ಟೇ.

ಆ ಕಾಗದದ ಮೇಲಿನ ಅಂಕಿ ಬದಲಾಗಿರುವುದನ್ನು ನೋಡಿ. 1960ರ ದಶಕದಲ್ಲಿ 60 ದಾಟಿದರೆ ಮಾತ್ರ ವಿಷ ಅನ್ನುತ್ತಿದ್ದರು. 1970ರಲ್ಲಿ ಅದು 40 ಆಯಿತು. ಆಮೇಲೆ ಅಲ್ಲಿನ ರೋಗ ತಡೆ ಸಂಸ್ಥೆ ಸಿಡಿಸಿ 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10 ಎಂದಿತು. 2012ರಲ್ಲಿ 5, 2021ರ ಅಕ್ಟೋಬರ್‌ನಲ್ಲಿ 3.5. ಸೀಸದ ಗುಣವೇನೂ ಬದಲಾಗಿಲ್ಲ. ನಮ್ಮ ಕಣ್ಣು ಚುರುಕಾಗುತ್ತಾ ಬಂತು.

ಕಣ್ಣು ತೆರೆಸಿದ ಕೆಲಸಗಳಲ್ಲಿ ಒಂದು ನನಗೆ ತುಂಬಾ ಇಷ್ಟ. ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ತಜ್ಞರು ಮ್ಯಾಸಚೂಸೆಟ್ಸ್ ರಾಜ್ಯದ ಚೆಲ್ಸೀ ಮತ್ತು ಸಾಮರ್‌ವಿಲ್ ಊರುಗಳ ಶಾಲಾ ಮಕ್ಕಳಿಂದ ಉದುರಿದ ಹಾಲುಹಲ್ಲು ಸಂಗ್ರಹಿಸಿದರು. ರಕ್ತದಲ್ಲಿನ ಸೀಸ ಕೆಲವು ವಾರಗಳ ಕಥೆ ಹೇಳುತ್ತದೆ, ಹಲ್ಲು ವರ್ಷಗಳ ಕಥೆ ಹೇಳುತ್ತದೆ. 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಹಿಂದಿದ್ದರು, ಪಾಠದಲ್ಲಿ ಗಮನ ನಿಲ್ಲುತ್ತಿರಲಿಲ್ಲ. ಅವರಲ್ಲಿ ಯಾರಿಗೂ ಹೊಟ್ಟೆನೋವಿಲ್ಲ, ಫಿಟ್ಸ್ ಇಲ್ಲ. ನೋಡಿದರೆ ಆರೋಗ್ಯವಾಗಿಯೇ ಇದ್ದ ಮಕ್ಕಳು. ಕಾಯಿಲೆ ಅನ್ನಿಸದ ಮಟ್ಟದಲ್ಲೂ ಸೀಸ ತನ್ನ ಕೆಲಸ ಮಾಡುತ್ತಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಲಹೆ ಕೊಡುವ ಸಮಿತಿಗೆ ಏನು ಬೆಲೆ?

ಸಮಿತಿಗೆ ಕಾನೂನು ಮಾಡುವ ಅಧಿಕಾರವಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಸಿಡಿಸಿ ಅಂಕಿಯೂ ಹಾಗೆ ನೋಡಿದರೆ ಸಲಹೆಯೇ. ಆದರೂ ಡಾಕ್ಟರುಗಳು ಅದನ್ನೇ ನೋಡುತ್ತಾರೆ. ಕೆಲವು ರಾಜ್ಯಗಳು ತಮ್ಮ ಕಾನೂನನ್ನು ಅದಕ್ಕೇ ಜೋಡಿಸಿವೆ, ಉಳಿದವು ತಮ್ಮದೇ ಅಂಕಿ ಇಟ್ಟುಕೊಂಡು ನಿಧಾನವಾಗಿ ಅದರ ಹಿಂದೆ ಬರುತ್ತವೆ. ಹಾಗಾಗಿ ಒಂದು ಕೋಣೆಯಲ್ಲಿ ಹತ್ತು ಹದಿನೈದು ಜನ ಕೂತು ಹೇಳಿದ ಮಾತು ಕೊನೆಗೆ ಯಾವುದೋ ಬೀದಿಯ ಒಂದು ಕಿಟಕಿವರೆಗೆ ತಲುಪುತ್ತದೆ. ಆದ್ದರಿಂದಲೇ ಆ ಕೋಣೆಯಲ್ಲಿ ಯಾರು ಕೂರುತ್ತಾರೆ ಎನ್ನುವುದು ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ.

ಇದು ಗೊತ್ತಾಗಬೇಕಾದರೆ ನೂರು ವರ್ಷ ಹಿಂದೆ ಹೋಗಬೇಕು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಎಣ್ಣೆ ಶುದ್ಧೀಕರಣ ಘಟಕದಲ್ಲಿ, ಪೆಟ್ರೋಲಿಗೆ ಬೆರೆಸುವ ಸೀಸದ ರಾಸಾಯನಿಕ ಮಾಡುತ್ತಿದ್ದ ಐವರು ಕೆಲಸಗಾರರು ಸತ್ತರು. ಸಾಯುವ ಮೊದಲು ಅವರಿಗೆ ಬುದ್ಧಿಭ್ರಮಣೆ ಆಗಿತ್ತು. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯಾಯಿತು. 1925ರ ಮೇ 20ರಂದು ದೇಶದ ಆರೋಗ್ಯ ಮುಖ್ಯಸ್ಥರಾದ ಸರ್ಜನ್ ಜನರಲ್ ವಾಷಿಂಗ್ಟನ್‌ನಲ್ಲಿ ಸಭೆ ಕರೆದರು. ಕಂಪನಿಯ ಕಡೆಯವರು ಈ ರಾಸಾಯನಿಕವನ್ನು ದೇವರ ಕೊಡುಗೆ ಎಂದರು. ಹಾರ್ವರ್ಡ್‌ನ ಡಾ. ಆಲಿಸ್ ಹ್ಯಾಮಿಲ್ಟನ್ ಎದ್ದು ನಿಂತು, ಸೀಸ ಇರುವ ಕಡೆ ಎಷ್ಟೇ ಎಚ್ಚರ ವಹಿಸಿದರೂ ಇವತ್ತಲ್ಲ ನಾಳೆ ಸೀಸದ ವಿಷ ಕಾಣಿಸಿಕೊಂಡೇ ತೀರುತ್ತದೆ ಎಂದರು.

ಸಭೆಯ ನಂತರ ಏಳು ಜನರ ಸಮಿತಿಯಾಯಿತು. ಕೊಟ್ಟಿದ್ದ ಸಮಯ ಕೆಲವೇ ತಿಂಗಳು. ಅವರು ಪರೀಕ್ಷಿಸಿದ್ದು ಓಹಾಯೋದ 252 ಜನರನ್ನು, ಬಹುಪಾಲು ಡ್ರೈವರುಗಳು ಮತ್ತು ಗ್ಯಾರೇಜ್ ಕೆಲಸಗಾರರು. ಅವರಲ್ಲಿ ಮಕ್ಕಳೇ ಇರಲಿಲ್ಲ. 1926ರ ಜನವರಿಯಲ್ಲಿ ವರದಿ ಬಂತು. ಸದ್ಯಕ್ಕೆ ನಿಷೇಧಿಸಲು ಸಾಕಷ್ಟು ಕಾರಣ ಕಾಣುತ್ತಿಲ್ಲ ಎಂದರು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ವರ್ಷಗಟ್ಟಲೆ ಬಳಸಿದರೆ ಏನಾಗುತ್ತದೋ ಹೇಳಲಾಗದು, ಸರ್ಕಾರ ಅಧ್ಯಯನ ಮುಂದುವರಿಸಬೇಕು ಎಂದಿದ್ದರು. ಕಂಪನಿಗಳು ಮೊದಲ ಸಾಲನ್ನು ಹಿಡಿದುಕೊಂಡವು. ಎರಡನೇ ಸಾಲು ಮೂಲೆಗೆ ಬಿತ್ತು. ಮುಂದೆ ಸುಮಾರು ನಲವತ್ತು ವರ್ಷ ಸೀಸದ ಬಗ್ಗೆ ನಡೆದ ಹೆಚ್ಚಿನ ಸಂಶೋಧನೆಗೆ ದುಡ್ಡು ಕೊಟ್ಟವರು ಅದನ್ನು ಮಾರುತ್ತಿದ್ದವರೇ. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 1996ರಲ್ಲಿ. ಸಮಿತಿಯ ಒಂದು ಸಾಲಿಗೆ 70 ವರ್ಷ ಆಯುಸ್ಸು.

ಕ್ಲೇರ್ ಪ್ಯಾಟರ್ಸನ್ ಕಥೆಯೂ ಹೀಗೇ ನೋವು ಕೊಡುವಂಥದ್ದು. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಲೆಕ್ಕ ಹಾಕಿದ ವಿಜ್ಞಾನಿ ಅವರು. ಆ ಲೆಕ್ಕಕ್ಕಾಗಿ ಕಲ್ಲಿನಲ್ಲಿರುವ ಸೀಸ ಅಳೆಯಲು ಹೋದರೆ ಗಾಳಿಯಲ್ಲಿ, ನೀರಿನಲ್ಲಿ, ತಮ್ಮದೇ ಪ್ರಯೋಗಾಲಯದ ಮೇಜಿನ ಮೇಲೆ, ಎಲ್ಲೆಲ್ಲೂ ಸೀಸ! ಮನುಷ್ಯರ ಮೈಯಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೀಸ ಸೇರಿದೆ ಎಂದು 1965ರಲ್ಲಿ ಬರೆದರು. ಆ ದೇಶದಲ್ಲಿ ಪರಿಸರದ ಸೀಸವನ್ನು ಅವರಷ್ಟು ನಿಖರವಾಗಿ ಅಳೆಯಬಲ್ಲವರು ಬೇರೆ ಇರಲಿಲ್ಲ. ಗಾಳಿಯಲ್ಲಿನ ಸೀಸದ ಬಗ್ಗೆ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರ ತಂಡ 1971ರಲ್ಲಿ ವರದಿ ಕೊಟ್ಟಾಗ ಆ ತಂಡದಲ್ಲಿ ಪ್ಯಾಟರ್ಸನ್ ಹೆಸರೇ ಇರಲಿಲ್ಲ.

ಮರುವರ್ಷವೇ, 1972ರಲ್ಲಿ, ಅಮೆರಿಕದಲ್ಲಿ ಸಲಹಾ ಸಮಿತಿಗಳಿಗೆಂದೇ ಒಂದು ಕಾನೂನು ಬಂತು. ಸಭೆ ಯಾವಾಗ ಅಂತ ಮುಂಚೆಯೇ ಪ್ರಕಟಿಸಬೇಕು, ಬಾಗಿಲು ಜನರಿಗೆ ತೆರೆದಿರಬೇಕು, ನಡಾವಳಿ ಯಾರು ಕೇಳಿದರೂ ಸಿಗಬೇಕು. ಸದಸ್ಯರಲ್ಲಿ ಬೇರೆಬೇರೆ ಅಭಿಪ್ರಾಯದವರು ಇರಬೇಕು. ಎರಡು ವರ್ಷಕ್ಕೊಮ್ಮೆ ಸಮಿತಿಯನ್ನು ನವೀಕರಿಸಬೇಕು, ಇಲ್ಲದಿದ್ದರೆ ತಾನಾಗಿ ಮುಚ್ಚಿಹೋಗುತ್ತದೆ. ಒಳ್ಳೆಯ ಕಾನೂನು. ಕೊನೆಯ ನಿಯಮವನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮಕ್ಕಳಲ್ಲಿ ಸೀಸದ ವಿಷ ತಡೆಯಲೆಂದೇ ಸಿಡಿಸಿಗೆ ಒಂದು ಸಲಹಾ ಸಮಿತಿ ಇತ್ತು. 2002ರಲ್ಲಿ ಅದು ಗಡಿಯನ್ನು 10ರಿಂದ ಇಳಿಸಬೇಕಾ ಎಂದು ಯೋಚಿಸುವ ಹಂತದಲ್ಲಿತ್ತು. ಅದೇ ಹೊತ್ತಿಗೆ ಸಿಡಿಸಿ ಸಿಬ್ಬಂದಿ ಸೂಚಿಸಿದ್ದ ಕೆಲವು ವಿಜ್ಞಾನಿಗಳ ಹೆಸರನ್ನು ಮೇಲಿನ ಇಲಾಖೆ ತಳ್ಳಿಹಾಕಿತು. ಬದಲಿಗೆ ಸೀಸದ ಉದ್ಯಮದ ಜೊತೆ ನಂಟಿದ್ದವರ ಹೆಸರು ಬಂದವು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಸಂಸದ ಎಡ್ವರ್ಡ್ ಮಾರ್ಕಿ ಅದೇ ಅಕ್ಟೋಬರ್‌ನಲ್ಲಿ ವರದಿ ಹೊರತಂದು ಇದನ್ನು ಬಯಲಿಗೆಳೆದರು. 2005ರಲ್ಲಿ ಸಿಡಿಸಿ ಹೊಸ ಹೇಳಿಕೆ ಕೊಟ್ಟಾಗ 10ಕ್ಕಿಂತ ಕೆಳಗೂ ಹಾನಿಯಿದೆ ಎಂದು ಬರೆಯಿತು, ಗಡಿಯನ್ನು ಮಾತ್ರ 10ರಲ್ಲೇ ಬಿಟ್ಟಿತು. ನಾನು ಹೇಳಿದ ಆ ಹುಡುಗಿ ಸಿಕ್ಕಿಕೊಂಡಿದ್ದು ಈ ಅವಧಿಯಲ್ಲೇ.

2012ರ ಜನವರಿಯಲ್ಲಿ ಅದೇ ಸಮಿತಿ ಕೊನೆಗೂ ಗಟ್ಟಿಯಾಗಿ ಮಾತಾಡಿತು. ‘ಇಷ್ಟು ದಾಟಿದರೆ ಚಿಂತೆ’ ಎನ್ನುವ ಮಟ್ಟವನ್ನೇ ತೆಗೆದುಹಾಕಿ ಎಂದಿತು. ಯಾಕೆಂದರೆ ಜನ ಅದನ್ನು ‘ಅಷ್ಟರ ಒಳಗಿದ್ದರೆ ಚಿಂತೆಯಿಲ್ಲ’ ಎಂದು ಓದುತ್ತಿದ್ದರು. ಅದರ ಬದಲು ಹೀಗೆ ಮಾಡಿ ಎಂದರು: ದೇಶದ ಆರೋಗ್ಯ ಸಮೀಕ್ಷೆಯಲ್ಲಿ ಒಂದರಿಂದ ಐದು ವರ್ಷದ ಮಕ್ಕಳ ರಕ್ತ ನೋಡಿ, ನೂರರಲ್ಲಿ ತೀರಾ ಮೇಲಿರುವ ಎರಡೂವರೆ ಮಕ್ಕಳು ಎಲ್ಲಿಂದ ಶುರುವಾಗುತ್ತಾರೋ ಅಲ್ಲಿ ಗೆರೆ ಎಳೆಯಿರಿ. ಕೆಲವು ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿ. ಆಗ ಬಂದ ಅಂಕಿ 5.

ನಿಮ್ಮ ‘ಯಾವುದನ್ನು ನಂಬುವುದು’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. 5 ಆಗಲಿ 3.5 ಆಗಲಿ ಸುರಕ್ಷಿತ ಮಟ್ಟ ಅಲ್ಲ. ಸೀಸಕ್ಕೆ ಸುರಕ್ಷಿತ ಮಟ್ಟವೇ ಗೊತ್ತಿಲ್ಲ. ಸಾಲಿನಲ್ಲಿ ಮೊದಲು ಯಾರ ಮನೆಗೆ ಹೋಗಬೇಕು ಎಂದು ಹೇಳುವ ಗೆರೆ ಅದು. ಎಲ್ಲಾ ಮಕ್ಕಳ ಮೈಯಲ್ಲಿ ಸೀಸ ಕಡಿಮೆಯಾದ ಹಾಗೆ ಗೆರೆಯೂ ಇಳಿಯುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಪುಟ್ಟ ಮಕ್ಕಳ ಸರಾಸರಿಯೇ 15ರ ಹತ್ತಿರ ಇತ್ತು. ಈಗ 1ಕ್ಕಿಂತ ಕಡಿಮೆ. ಹಾಗಾಗಿ ಗಡಿ ಇಳಿದದ್ದು ಒಳ್ಳೇ ಸುದ್ದಿ.

ಸಲಹೆಯೇನೋ ಬಂತು. ಸಿಡಿಸಿ ಅದರಲ್ಲಿ ಹಲವನ್ನು ‘ತಾತ್ವಿಕವಾಗಿ’ ಒಪ್ಪಿತು. ಆ ಒಂದು ಪದದಲ್ಲೇ ಎಲ್ಲಾ ಇದೆ. ಒಪ್ಪುತ್ತೇವೆ, ಮಾಡಲು ದುಡ್ಡಿಲ್ಲ ಅಂತ ಅರ್ಥ. ಗಮನಿಸಬೇಕಾದ ಮಕ್ಕಳ ಸಂಖ್ಯೆ ಸುಮಾರು 4.5 ಲಕ್ಷಕ್ಕೆ ಏರಿದ ಅದೇ ವರ್ಷ ಸಿಡಿಸಿಯ ಸೀಸದ ಕಾರ್ಯಕ್ರಮದ ಹಣ ಸುಮಾರು 2.9 ಕೋಟಿ ಡಾಲರ್‌ನಿಂದ 20 ಲಕ್ಷಕ್ಕೆ ಕುಸಿಯಿತು. 2013ರ ಅಕ್ಟೋಬರ್‌ನಲ್ಲಿ ಸಮಿತಿಯ ಅವಧಿಯೂ ಮುಗಿಯಿತು. ಯಾರೂ ನವೀಕರಿಸಲಿಲ್ಲ. ಗಲಾಟೆಯಿಲ್ಲದೆ ಬಾಗಿಲು ಮುಚ್ಚಿತು.

ಆರು ತಿಂಗಳು ಕಳೆಯಿತು. 2014ರ ಏಪ್ರಿಲ್‌ನಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ಖರ್ಚು ಉಳಿಸಲು ಕುಡಿಯುವ ನೀರನ್ನು ಫ್ಲಿಂಟ್ ನದಿಯಿಂದ ತೆಗೆಯಲು ಶುರು ಮಾಡಿತು. ಪೈಪು ಸವೆಯದಂತೆ ನೀರಿಗೆ ಹಾಕಬೇಕಾದ್ದನ್ನು ಹಾಕಲಿಲ್ಲ. ಸೀಸದ ಹಳೇ ಪೈಪುಗಳ ಒಳಪದರ ಕರಗಿ ನಲ್ಲಿಯಲ್ಲಿ ಬಂತು. ನೀರಿನ ಬಣ್ಣ, ವಾಸನೆ ನೋಡಿ ಜನ ಬಾಟಲಿ ಹಿಡಿದು ಸಭೆಗಳಿಗೆ ಹೋದರು. ಏನೂ ಆಗಿಲ್ಲ ಎಂದು ಕಳಿಸಿದರು. 2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ಡಾಕ್ಟರ್ ಮೋನಾ ಹನ್ನಾ-ಅಟೀಷಾ ಮಕ್ಕಳ ರಕ್ತದ ಲೆಕ್ಕ ಮುಂದಿಟ್ಟಾಗ ಮಾತು ನಡೆಯಿತು. ಅವರು ಎಣಿಸಿದ್ದು 5 ದಾಟಿದ ಮಕ್ಕಳನ್ನು. ಮೂರು ವರ್ಷದ ಹಿಂದೆ ಸಮಿತಿ ಗಡಿಯನ್ನು 5ಕ್ಕೆ ತರದೆ ಇದ್ದಿದ್ದರೆ ಆ ಮಕ್ಕಳಲ್ಲಿ ಎಷ್ಟೋ ಮಂದಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಸಮಿತಿ ಮುಚ್ಚಿಹೋದ ಮೇಲೂ ಅದರ ಸಲಹೆ ಕೆಲಸ ಮಾಡಿತು. ಸಲಹೆಗೆ ಬೆಲೆ ಇದೆಯಾ ಎಂದು ಕೇಳಿದಿರಲ್ಲ, ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ಫ್ಲಿಂಟ್ ಆದಮೇಲೆ 2016ರ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನಿನಲ್ಲೇ ಬರೆದು ಹೊಸ ಸಮಿತಿ ಮಾಡಿತು. 15 ಸದಸ್ಯರು. ಮಕ್ಕಳ ವೈದ್ಯರು, ವಿಷಶಾಸ್ತ್ರ ಬಲ್ಲವರು, ಆಹಾರ ತಜ್ಞರು, ಪುಟ್ಟ ಮಕ್ಕಳ ಶಿಕ್ಷಣ ಬಲ್ಲವರು, ಹೀಗೆ. ಮೊದಲ ಸಭೆ ನಡೆದಾಗ 2020 ಬಂದಿತ್ತು. 2021ರ ಮೇ ತಿಂಗಳಲ್ಲಿ ಎಲ್ಲರೂ ಒಮ್ಮತದಿಂದ 3.5 ಎಂದರು, ಐದು ತಿಂಗಳಲ್ಲಿ ಸಿಡಿಸಿ ಒಪ್ಪಿತು. ನಿಮ್ಮ ತಂಗಿಯ ಡಾಕ್ಟರು ಹೇಳಿದ ಗಡಿ ಹುಟ್ಟಿದ್ದು ಹೀಗೆ.

ಸಿಡಿಸಿ ಸಮಿತಿಯೊಂದೇ ಅಲ್ಲ, ಬೇರೆಯವೂ ಇವೆ. ಪರಿಸರ ಸಂಸ್ಥೆ ಇಪಿಎಗೆ ಗಾಳಿಯ ಬಗ್ಗೆ ಹೇಳುವ ಏಳು ಜನರ ವಿಜ್ಞಾನಿ ಸಮಿತಿಯಿದೆ. ಅದು ಹಿಡಿದ ಪಟ್ಟು ಬಿಡದೆ ಇದ್ದದ್ದರಿಂದ 2008ರಲ್ಲಿ ಗಾಳಿಯ ಸೀಸದ ಮಿತಿ 1.5 ಮೈಕ್ರೋಗ್ರಾಂನಿಂದ 0.15ಕ್ಕೆ, ಅಂದರೆ ಹತ್ತನೇ ಒಂದಕ್ಕೆ ಇಳಿಯಿತು. ಕುಡಿಯುವ ನೀರಿನ ಸಲಹಾ ಮಂಡಳಿ 2015ರ ಕೊನೆಯಲ್ಲಿ ಸೀಸದ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿ ಎಂದಿತ್ತು. ಬಹುತೇಕ ಪೈಪುಗಳನ್ನು ಹತ್ತು ವರ್ಷದಲ್ಲಿ ಬದಲಿಸಬೇಕು ಎಂಬ ನಿಯಮ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಒಂಬತ್ತು ವರ್ಷ.

ಸಲಹೆ ಇದ್ದು ಮಾಡುವ ಕೈ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಇತ್ತೀಚೆಗೆ ನೋಡಿದ್ದೇವೆ. 2025ರಲ್ಲಿ ಮಿಲ್ವಾಕಿ ನಗರದ ಹಳೇ ಶಾಲಾ ಕಟ್ಟಡಗಳಲ್ಲಿ ಬಣ್ಣ ಉದುರಿ ಸೀಸದ ಸಮಸ್ಯೆ ಕಂಡಾಗ ನಗರದವರು ಸಿಡಿಸಿ ನೆರವು ಕೇಳಿದರು. ಏಪ್ರಿಲ್ ಮೊದಲ ವಾರ ಸಿಡಿಸಿಯ ಸೀಸದ ವಿಭಾಗದವರನ್ನೇ ಕೆಲಸದಿಂದ ತೆಗೆದರು. ಮಿಲ್ವಾಕಿಗೆ ಇಲ್ಲ ಎಂಬ ಉತ್ತರ ಹೋಯಿತು. ಗಡಿ 3.5 ಎಂದು ಕಾಗದದಲ್ಲಿ ಇದ್ದೇ ಇತ್ತು.

ಹಾಗಾಗಿ ಯಾವುದೇ ಸಮಿತಿಯ ಮಾತು ಕೇಳಿದಾಗ ನಾನು ಮೊದಲು ಸದಸ್ಯರ ಪಟ್ಟಿ ನೋಡುತ್ತೇನೆ. ಯಾರು ಎಲ್ಲಿಂದ ಸಂಬಳ ತೆಗೆದುಕೊಳ್ಳುತ್ತಾರೆ ಎಂದು ನೋಡುತ್ತೇನೆ. ಆಮೇಲೆ ನಡಾವಳಿ ಓದುತ್ತೇನೆ. ಯಾರು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಅನ್ನುವುದು ಅಲ್ಲೇ ಸಿಗುತ್ತದೆ. ಇಂಥ ಸಭೆಗಳಲ್ಲಿ ಜನ ಮಾತಾಡಲು ಸಾಮಾನ್ಯವಾಗಿ ಸ್ವಲ್ಪ ಸಮಯ ಇಟ್ಟಿರುತ್ತಾರೆ, ಬರೆದೂ ಕಳಿಸಬಹುದು. ತಜ್ಞರ ಹತ್ತು ಸ್ಲೈಡುಗಳ ನಂತರ ಒಬ್ಬ ತಾಯಿ ಎದ್ದು ತನ್ನ ಮಗುವಿನ ಅಂಕಿಗಳನ್ನು ತಿಂಗಳುವಾರು ಓದಿದಾಗ ಕೋಣೆ ಪೂರ್ತಿ ಪೆನ್ನು ಕೆಳಗಿಟ್ಟು ಕೇಳಿದ್ದನ್ನು ನಾನು ಕಂಡಿದ್ದೇನೆ. ನಿಮ್ಮ ತಂಗಿಗೂ ಆ ಹಕ್ಕಿದೆ.

ಸದ್ಯಕ್ಕೆ ಅವಳು ಮಾಡಬೇಕಾದ್ದು ಇಷ್ಟು. ಮನೆ 1978ಕ್ಕಿಂತ ಹಳೆಯದಾ ಎಂದು ಮಾಲೀಕರನ್ನು ಕೇಳಲಿ. ಹೌದಾದರೆ, ಸೀಸದ ಬಣ್ಣದ ಬಗ್ಗೆ ತಮಗೆ ಗೊತ್ತಿರುವುದನ್ನು ಅವರು ಬಾಡಿಗೆದಾರರಿಗೆ ಬರೆದು ತಿಳಿಸಲೇಬೇಕು, ಅದು ಅಲ್ಲಿನ ಕಾನೂನು. ಸ್ಥಳೀಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ ಮನೆ ತಪಾಸಣೆ ಕೇಳಲಿ. ಕಿಟಕಿ ಕಟ್ಟೆಯನ್ನು ಒದ್ದೆ ಬಟ್ಟೆಯಿಂದಲೇ ಒರೆಸಲಿ, ಆ ಬಟ್ಟೆ ಎಸೆದುಬಿಡಲಿ. ಒಣ ಪೊರಕೆ ಹಾಕಿದರೆ ಧೂಳು ಮನೆಯೆಲ್ಲಾ ಹರಡುತ್ತದೆ. ಬಣ್ಣ ತಾನೇ ಕೆರೆಯಲು ಮಾತ್ರ ಹೋಗದಿರಲಿ, ಅದರಿಂದ ಮಕ್ಕಳ ಅಂಕಿ ಏರಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ನೀರು ಬರುವ ಪೈಪು ಸೀಸದ್ದಾ ಎಂದು ನೀರು ಸರಬರಾಜಿನವರನ್ನು ಕೇಳಲಿ. ಊರಿಂದ ತರಿಸಿದ ಕಾಡಿಗೆ, ಬಿಡಿಯಾಗಿ ಕೊಂಡ ಅರಿಶಿನಪುಡಿ ಇದ್ದರೆ ಡಾಕ್ಟರಿಗೆ ಹೇಳಲಿ, ಅವುಗಳಲ್ಲೂ ಸೀಸ ಸಿಕ್ಕಿದ್ದುಂಟು. ಮಗುವಿಗೆ ಕಬ್ಬಿಣಾಂಶ ಕಡಿಮೆ ಇದೆಯಾ ಎಂದೂ ನೋಡಿಸಲಿ, ಕಡಿಮೆಯಿದ್ದರೆ ಮೈ ಸೀಸವನ್ನು ಇನ್ನೂ ಹೆಚ್ಚು ಹೀರುತ್ತದೆ.

ಎರಡನೇ ಪರೀಕ್ಷೆಯ ಅಂಕಿ ಬಂದ ಮೇಲೆ ಮತ್ತೆ ಬರೆಯಿರಿ. ಜೊತೆಗೆ ಮನೆ ಕಟ್ಟಿದ ವರ್ಷವನ್ನೂ ಬರೆಯಿರಿ.